ಕಾಯುವವನಿಲ್ಲದ ಹಿಂಡು

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ನನ್ನ ಫೋಟೋ ಅಂಗಡಿ ಇದ್ದ ಕಾಲದಲ್ಲಿ ನನಗೊಂದು ಬೆಳ್ಳಿ ಪದಕ ಬಂತು. ಬಂದದ್ದೇ ತಡ, ತಲೆಯ ಮೇಲೆ ಕೊಂಬು ಮೂಡಿದವು. ಮದುವೆಯ ಗುಂಪು ಫೋಟೋ ತೆಗೆಸಲು ಬಂದವರಿಗೆ ನಾಳೆ ಬರ್ರಿ ಎಂದು ಮುಖ ಸಿಂಡರಿಸುತ್ತಿದ್ದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಪದಕ ತಂದ ಪಟ ಹೀಗಿತ್ತು. ಶಹಾಪುರದ ಗುಡ್ಡ, ಒಂದು ಬೋಳು ಬಂಡೆ, ಅದರ ಕೆಳಗೆ ನಲವತ್ತು ಕುರಿ. ಎಲ್ಲವೂ ಕತ್ತೆತ್ತಿ ಬಂಡೆಯ ತುದಿಯನ್ನೇ ನೋಡುತ್ತಿವೆ. ತುದಿಯಲ್ಲಿ ಯಾರೂ ಇಲ್ಲ, ಬರೀ ಬಿಳಿ ಆಕಾಶ. ನಿಜಾಮರ ಆಳ್ವಿಕೆ ಹೋಗಿ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಕಚೇರಿಯಲ್ಲಿ ಯಾವ ಭಾಷೆಯಲ್ಲಿ ಅರ್ಜಿ ಬರೆಯಬೇಕೋ, ನಾಳೆ ಯಾವ ರಾಜ್ಯಕ್ಕೆ ಸೇರುತ್ತೇವೋ ಯಾರಿಗೂ ಗೊತ್ತಿರಲಿಲ್ಲ. ಆ ಕುರಿಗಳೆಂದರೆ ನಾವೇ ಎಂದು ನಾನು ಅರ್ಥ ಕಟ್ಟಿ, ಪಟಕ್ಕೆ ‘ಕಾಯುವವನಿಲ್ಲದ ಹಿಂಡು’ ಎಂದು ಹೆಸರಿಟ್ಟೆ. ಅಭ್ಯಾಸದಂತೆ ಹಿಂಬದಿಗೆ ಊರು, ತಾರೀಖು, ಹೊತ್ತು ಬರೆದೆ. ಹೈದರಾಬಾದಿನ ಪ್ರದರ್ಶನದಲ್ಲಿ ತೀರ್ಪುಗಾರರು ತಲೆದೂಗಿದರು. ಪತ್ರಿಕೆಯೊಂದು ತಾರೀಖಿನ ಸಮೇತ ಅಚ್ಚು ಹಾಕಿತು.

ಖರೆ ಹೇಳಬೇಕೆಂದರೆ ತುದಿಯಲ್ಲಿ ಒಬ್ಬನಿದ್ದ. ಕಂಬಳಿ ಹೊದ್ದು ಕೋಲೂರಿ ನಿಂತ ಕುರಿಗಾಹಿ. ನಿಲ್ಲು ಎಂದು ಹೇಳಿದವನು ನಾನೇ. ಒಳ್ಳೆಯ ಬೆಳಕಿಗಾಗಿ ನಾನು ಕಾದಷ್ಟೂ ಹೊತ್ತು, ಬೆಳಗಿನಿಂದ ಮಧ್ಯಾಹ್ನದವರೆಗೆ, ಅವನು ನಿಂತಿದ್ದ. ಅವನಿದ್ದರೆ ಅದು ಯಾವನೋ ಕುರಿ ಕಾಯುವವನ ಫೋಟೋ, ಅವನಿಲ್ಲದಿದ್ದರೆ ಕಲೆ ಎಂಬುದು ನನ್ನ ಬುದ್ಧಿ. ಗಾಜಿನ ನೆಗೆಟಿವ್ ಮೇಲೆ ಅವನಿದ್ದ ಜಾಗಕ್ಕೆ ಸಣ್ಣ ಕುಂಚದಿಂದ ಕೆಂಪು ಬಣ್ಣ ತುಂಬಿದೆ. ಬಣ್ಣ ಬೆಳಕನ್ನು ತಡೆಯುತ್ತದೆ, ಪ್ರಿಂಟಿನಲ್ಲಿ ಆ ಜಾಗ ಆಕಾಶದಷ್ಟೇ ಬಿಳಿಯಾಗಿ ಬರುತ್ತದೆ. ಅರ್ಧ ಗಂಟೆಯ ಕೆಲಸ ಅಷ್ಟೆ.

ಬೇಸಿಗೆಯಲ್ಲಿ ಕೊಂಕಲ್‌ನಿಂದ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ಆ ಕುರಿಗಾಹಿಯ ಹೆಂಡತಿ. ನಾನು ಪಟ ತೆಗೆದ ದಿನವೇ, ಬೆಳಗಿನ ಹೊತ್ತಿನಲ್ಲಿ, ಅತ್ತ ಕೊಡೇಕಲ್ ಕಡೆಯ ಒಬ್ಬ ಗೌಡನ ಬಣವಿಗೆ ಬೆಂಕಿ ಬಿದ್ದಿತ್ತಂತೆ. ಕುರಿ ಮೇಯಿಸುವ ವಿಷಯಕ್ಕೆ ಇವಳ ಗಂಡನಿಗೂ ಗೌಡನಿಗೂ ಹಿಂದೆ ಜಗಳವಾಗಿತ್ತು. ಅಷ್ಟು ಸಾಕಾಯಿತು. ಶಿವರಾತ್ರಿಯ ಹೊತ್ತಿಗೆ ಅವನನ್ನು ಹಿಡಿದು ಸುರಪುರದಲ್ಲಿ ಒಳಗೆ ಹಾಕಿದ್ದರು. ಆ ದಿನ ತಾನು ಶಹಾಪುರದ ಗುಡ್ಡದಲ್ಲಿದ್ದೆ, ಯಾದಗಿರಿಯ ಫೋಟೋದವರು ತನ್ನ ಪಟ ತೆಗೆದಿದ್ದಾರೆ ಎಂದು ಅವನು ಹೇಳಿದ್ದ. ಗೌಡನ ಕಡೆಯವರು ಪತ್ರಿಕೆಯ ತುಂಡನ್ನೇ ತಂದು ಮ್ಯಾಜಿಸ್ಟ್ರೇಟ್ ಸಾಹೇಬರ ಮೇಜಿನ ಮೇಲಿಟ್ಟರು. ತಾರೀಖು ಅದೇ, ಗುಡ್ಡ ಅದೇ, ಇವನೆಲ್ಲಿ? ಕಾಯುವವನಿಲ್ಲ ಎಂದು ಪಟ ತೆಗೆದವನೇ ಬರೆದಿದ್ದಾನಲ್ಲ! ನಾಡಿದ್ದು ಕಚೇರಿಯಲ್ಲಿ ವಿಚಾರಣೆಯ ಪೇಶಿ, ಅದು ಮುಗಿದರೆ ದೊಡ್ಡ ಜೈಲು.

ನನಗೆ ಮೊದಲು ನೆನಪಾದದ್ದು ಪದಕ. ಮುಚ್ಚಿಡುವುದೇಕೆ, ನಾನು ಅಂಥವನೇ ಆಗಿದ್ದೆ. ಕೆಲಸ ಬಹಳ ಇದೆ, ನೋಡೋಣ ಎಂದೆ. ಅವಳು ಹೊಸ್ತಿಲು ಬಿಟ್ಟು ಏಳಲಿಲ್ಲ.

“ಅಣ್ಣಾರ, ನೀವು ನಿಂದ್ರು ಅಂದ್ರಿ, ಅವ್ರು ನಿಂತ್ರು. ಈಗ ನಾ ಬರ್ರಿ ಅನ್ನಾಕತ್ತೇನಿ” ಎಂದಳು.

ಪೇಶಿಯ ದಿನ ಆ ನೆಗೆಟಿವಿನ ಗಾಜಿನ ಪ್ಲೇಟನ್ನು ಧೋತರದಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಸುರಪುರಕ್ಕೆ ಹೋದೆ. ಒಂದು ಪ್ರಿಂಟನ್ನೂ ಒಯ್ದಿದ್ದೆ. ಬಸ್ಸು ಕುಲುಕಿದಾಗೆಲ್ಲ ಎರಡೂ ಕೈಯಿಂದ ಪ್ಲೇಟನ್ನು ಎತ್ತಿ ಹಿಡಿಯುತ್ತಿದ್ದೆ. ಸಾಹೇಬರು ಹೊರಗಿನಿಂದ ಬಂದವರು, ಹಸನ್ಮುಖ ಇಲ್ಲದ ಮನುಷ್ಯ. ನಾನು ಎಲ್ಲ ಹೇಳಿದೆ. ಅವರು ಪ್ರಿಂಟನ್ನು ಮುಂದೆ ತಳ್ಳಿ, ಒಂದೋ ಇದು ಸುಳ್ಳು, ಇಲ್ಲವೇ ನೀವು ಸುಳ್ಳು, ಯಾವುದನ್ನು ನಂಬಲಿ ಎಂದು ಕೇಳಿದರು. ಬಣ್ಣ ನೀರಿಗೆ ಹೋಗುತ್ತದೆ, ಇಲ್ಲೇ ತೊಳೆದು ತೋರಿಸುತ್ತೇನೆ ಎಂದೆ.

ಜವಾನ ಒಂದು ಅಗಲ ಪರಾತದಲ್ಲಿ ನೀರು ತಂದ. ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು. ಬೆಚ್ಚಗಿನ ನೀರಿಗೆ ಪ್ಲೇಟಿನ ಮೇಲೆ ಚಿತ್ರ ಹಿಡಿದಿರುವ ಪೊರೆ ಮೆತ್ತಗಾಗುತ್ತದೆಂದು ನನಗೆ ಗೊತ್ತಿತ್ತು. ಆ ಬಿಸಿಲಿನಲ್ಲಿ ತಣ್ಣೀರು ಎಲ್ಲಿಂದ ತರಲಿ? ದೇವರ ಮೇಲೆ ಭಾರ ಹಾಕಿ ಮುಳುಗಿಸಿದೆ. ಕೆಂಪು ಬಣ್ಣ ಬಿಟ್ಟುಕೊಂಡಿತು. ಕಂಬಳಿಯ ಅಂಚು ಕಂಡಿತು, ಆಮೇಲೆ ಹೆಗಲು. ಸಾಹೇಬರು ಬಗ್ಗಿದರು. ಅಷ್ಟರಲ್ಲಿ ಪೊರೆ ಎದ್ದಿತು. ತಲೆಯಿಂದ ಸೊಂಟದವರೆಗೆ ಆ ಮನುಷ್ಯ ಗಾಜಿನಿಂದ ಕಳಚಿ, ಸುರುಳಿ ಸುತ್ತಿ, ನನ್ನ ಬೆರಳಿಗೆ ಗಂಜಿಯಂತೆ ಅಂಟಿಕೊಂಡ. ಉಳಿದದ್ದು ಎರಡು ಕಾಲು, ಕೋಲಿನ ತುದಿ.

ಕಾಲು ನೋಡಿ ಯಾರೆಂದು ಬರೆದುಕೊಳ್ಳಲಿ ಎಂದರು ಸಾಹೇಬರು. ಎರಡು ಸಲ ಅವನನ್ನು ನಾನೇ ಇಲ್ಲದ ಹಾಗೆ ಮಾಡಿದ್ದೆ.

ಬಾಗಿಲ ಹತ್ತಿರ ನಿಂತಿದ್ದ ಆ ಹೆಣ್ಣುಮಗಳು ಅಲ್ಲಿಯವರೆಗೆ ಪಟವನ್ನು ನೋಡಿಯೇ ಇರಲಿಲ್ಲ. ಮೇಜಿನ ಹತ್ತಿರ ಬಂದು ಪ್ರಿಂಟನ್ನು ಬಗ್ಗಿ ನೋಡಿದಳು.

“ಸಾಹೇಬ್ರ, ಕಾಯವ ಇಲ್ಲಂದ್ರ ಕುರಿ ಹಿಂಗ ನಿಂದ್ರಂಗಿಲ್ರಿ. ಒಂದೊಂದು ಒಂದೊಂದು ದಿಕ್ಕಿಗೆ ಮೇಕೋತ ಹೋಗ್ತಾವ. ಇವು ಅಷ್ಟೂ ನಮ್ಮ ಕುರಿ, ಅವ್ರ ಮಾರಿನೇ ನೋಡಾಕತ್ಯಾವ. ಮತ್ತೊಬ್ರು ಕರದ್ರ ತಲಿನೇ ಎತ್ತಂಗಿಲ್ಲ.”

ಆಗ ನನಗೆ ನೆನಪಾಯಿತು. ನಾನು ಪಟ ತೆಗೆಯುವ ಮುಂಚೆ ಅವನೊಂದು ಕೂಗು ಹಾಕಿದ್ದ, ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತಿದ್ದವು. ಖಾಲಿ ಆಕಾಶದಲ್ಲಿ ಕುರಿಗಳಿಗೆ ನೋಡಲು ಏನಿದೆ ಎಂದು ನಾನೂ ಕೇಳಿಕೊಂಡಿರಲಿಲ್ಲ, ಆ ತೀರ್ಪುಗಾರರೂ ಕೇಳಿರಲಿಲ್ಲ. ಸಾಹೇಬರು ಜವಾನನ ಕಡೆ ತಿರುಗಿದರು. ಅವನದೂ ಕುರಿ ಸಾಕುವ ಮನೆ. ಪಟವನ್ನು ಬೆಳಕಿಗೆ ಹಿಡಿದು ನೋಡಿ, ಅಕ್ಕ ಹೇಳುವುದು ಖರೆ ಎಂದ.

ಸಾಹೇಬರು ನನ್ನ ಮುಂದೆ ಕಾಗದ ತಳ್ಳಿ, ಪಟ ಸುಳ್ಳೆಂದು ಬಯಾನು ಬರೆದುಕೊಡಿ ಎಂದರು. ಬರೆದೆ. ಹೈದರಾಬಾದಿಗೂ ಇದನ್ನು ತಿಳಿಸುತ್ತೇನೆ ಎಂದು ಸೇರಿಸಿ ದಸ್ತಖತ್ ಹಾಕಿದೆ.

ಸಂಜೆ ಅವನನ್ನು ಬಿಟ್ಟರು. ಗಡ್ಡ ಬೆಳೆದು ಮುಖ ಇಳಿದುಹೋಗಿತ್ತು. ತಪ್ಪಾಯಿತು ತಮ್ಮಾ ಎಂದು ಕೈ ಮುಗಿದೆ. ಅವನು ಪಟ ಕೇಳಿದ. ತನ್ನನ್ನು ಹುಡುಕುತ್ತಾನೆ, ಇಲ್ಲದ್ದು ಕಂಡು ಉಗಿಯುತ್ತಾನೆ ಎಂದುಕೊಂಡೆ. ಉಗಿದಿದ್ದರೆ ಚೆನ್ನಾಗಿತ್ತು.

ಅವನ ಕಣ್ಣು ಬಂಡೆಯ ತುದಿಗೆ ಹೋಗಲೇ ಇಲ್ಲ. ಮುಂದಿನ ಸಾಲಿನ ಒಂದು ಕುರಿಯ ಮೇಲೆ ಬೆರಳಿಟ್ಟು ಹೆಂಡತಿಯನ್ನು ಕೇಳಿದ.

“ಇದು ಉಳದದೇನು?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಒಬ್ಬಳೇ ಎಷ್ಟೆಂದು ಕಾದಾಳು? ಕೆಲವನ್ನು ತೋಳ ಒಯ್ದಿತ್ತು, ಇನ್ನು ಕೆಲವು ಬೇನೆ ಬಿದ್ದು ಸತ್ತಿದ್ದವು. ಅವನು ಬೆರಳನ್ನು ಪಕ್ಕದ ಕುರಿಗೆ ಸರಿಸಿದ. ನಲವತ್ತನ್ನೂ ಕೇಳಿ ಮುಗಿಸುವವರೆಗೆ ನಾನು ಅಲ್ಲೇ ನಿಂತಿದ್ದೆ. ಹನ್ನೊಂದಕ್ಕೆ ಮಾತ್ರ ಅವಳು ಹೂಂ ಅಂದಳು.