ಕಾಕಾನ ಗಾಡಿಯ ಎಡಗಡೆ ಸೀಟು

ನಮ್ಮ ಕಾಕಾನ ಗೂಡ್ಸ್ ಗಾಡಿಯಲ್ಲಿ ಇರುವುದು ಎರಡೇ ಸೀಟು. ಒಂದರಲ್ಲಿ ಕೂತು ಕಾಕಾ ಗಾಡಿ ಓಡಿಸುತ್ತಾನೆ. ಎಡಗಡೆಯ ಇನ್ನೊಂದು ಸೀಟಿನ ಸಲುವಾಗಿ ನಾನು ಹತ್ತು ತಿಂಗಳು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಇದು ಅಂದಾಜಿನ ಮಾತಲ್ಲ, ಡೈರಿ ನೋಡಿಕೊಂಡೇ ಬರೆಯುತ್ತಿದ್ದೇನೆ.

ಸವಣೂರಿನ ನಮ್ಮ ಮನೆಯದು ವೀಳ್ಯದೆಲೆಯ ವ್ಯಾಪಾರ. ತೋಟದಿಂದ ಬಂದ ಎಲೆಯನ್ನು ಪಡಸಾಲೆಯಲ್ಲಿ ಸುರಿದು, ಹರಿದದ್ದು, ಚುಕ್ಕೆ ಬಿದ್ದದ್ದು ತೆಗೆದು, ನೂರು ನೂರು ಎಲೆಯ ಕಟ್ಟು ಮಾಡಿ, ಒದ್ದೆ ಗೋಣಿ ಹೊದಿಸಿ ಬುಟ್ಟಿಗೆ ತುಂಬುತ್ತೇವೆ. ಮಂಗಳವಾರ ಮತ್ತು ಶುಕ್ರವಾರ ಕಾಕಾ ಆ ಬುಟ್ಟಿಗಳನ್ನು ಶಿಗ್ಗಾಂವಿ, ಬಂಕಾಪುರ, ಹಾನಗಲ್, ಹಿರೇಕೆರೂರಿನ ಎಲೆ ಅಂಗಡಿಗಳಿಗೆ ಮುಟ್ಟಿಸಿ ಸಂಜೆಗೆ ಮರಳುತ್ತಾನೆ. ಬುಟ್ಟಿ ಇಳಿಸಲು ಜೊತೆಗೊಬ್ಬರು ಬೇಕು. ಮಂಗಳವಾರ ನಾನು, ಶುಕ್ರವಾರ ಕಾಕಾನ ಮಗಳು. ನನಗಿಂತ ಎರಡು ವರ್ಷ ದೊಡ್ಡವಳಾದ್ದರಿಂದ ಅಕ್ಕ ಎನ್ನುತ್ತೇನೆ.

ನಾನು ಗಾಡಿಯಲ್ಲಿ ಓದುತ್ತಿದ್ದೆ. ಡೈರಿಯಲ್ಲಿ ಅದಕ್ಕೆ ಮೂರು ಅಂಕಣ: ತಾರೀಖು, ಪುಸ್ತಕ, ಪುಟ. ಶಿಗ್ಗಾಂವಿಯವರೆಗೆ ಹನ್ನೊಂದು ಪುಟ, ಹಾನಗಲ್‌ವರೆಗೆ ಮೂವತ್ತು. ಯುಗಾದಿಯಿಂದ ಶ್ರಾವಣದವರೆಗೆ ಒಂಬತ್ತು ಪುಸ್ತಕ. ಮನೆಯಲ್ಲಿ ಓದುವವನೆಂದರೆ ನಾನೊಬ್ಬನೇ ಎಂಬ ಹೆಮ್ಮೆ ಇತ್ತು.

ಅಕ್ಕನಿಗೆ ಓಡುವ ಗಾಡಿಯಲ್ಲಿ ಅಕ್ಷರ ನೋಡಿದರೆ ವಾಂತಿ ಬರುತ್ತದೆ. ಅವಳು ಫೋನಿನಲ್ಲಿ ಯಾರೋ ಓದಿದ ಕಾದಂಬರಿಗಳನ್ನು ಇಳಿಸಿಕೊಂಡು ಗಾಡಿಯ ಸ್ಪೀಕರಿಗೆ ಹಚ್ಚುತ್ತಿದ್ದಳು. ಆ ವರ್ಷ ನಡೆದಿದ್ದದ್ದು ಹಿಮದ ನಾಡಿನಲ್ಲಿ ಕುರುಡು ಕುದುರೆಯ ಮೇಲೆ ಟಪಾಲು ಒಯ್ಯುವ ಒಬ್ಬ ಹೆಂಗಸಿನ ಉದ್ದನೆಯ ಕಥೆ. ಅದನ್ನು ಶುಕ್ರವಾರ ಬಿಟ್ಟು ಬೇರೆ ದಿನ ಕೇಳಬಾರದೆಂದು ತಂದೆ ಮಗಳು ಮಾತಾಡಿಕೊಂಡಿದ್ದರು. ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಕೇಳಿದ್ದು ಓದಿದಂಗಲ್ಲಕ್ಕಾ," ಎಂದೆ ಒಮ್ಮೆ.

"ಇಲ್ಲ ಬಿಡಪ್ಪಾ. ನಿನ್ನ ಪುಸ್ತಕ ನಿನ್ನ ತೊಡಿ ಮ್ಯಾಲೆ ಇರ್ತದ, ನಂದು ಗಾಡಿ ತುಂಬ ಇರ್ತದ. ಅಷ್ಟ ಫರಕು."

ಮೊದಲ ಪೆಟ್ಟು ಬಿದ್ದದ್ದು ಹಾನಗಲ್‌ನಲ್ಲಿ. ಬುಟ್ಟಿ ಇಳಿಸಿ ಕಟ್ಟು ಎಣಿಸಿ ಕೊಡುತ್ತಿದ್ದೆ. ಅಂಗಡಿಯ ಅಜ್ಜ ಎಲೆಯ ಕಡೆ ನೋಡಲೇ ಇಲ್ಲ.

"ಹುಡುಗಿ ಬಂದಿಲ್ಲೇನು? ಆಕಿ ಹೇಳೂ ಕಥ್ಯಾಗಿನ ಕುದುರಿ ಗುಡ್ಡ ದಾಟ್ತೋ ಇಲ್ಲೋ?"

"ಗೊತ್ತಿಲ್ರಿ ಅಜ್ಜಾರ. ನಾ ಮಂಗಳವಾರದಾಂವ."

"ಹೋಗ್ಲಿ ಬಿಡು. ಶುಕ್ರವಾರ ಕೇಳ್ತೇನಿ," ಎಂದು ಸುಣ್ಣ ತೀಡತೊಡಗಿದ.

ಒಂಬತ್ತು ಪುಸ್ತಕ ಓದಿದ ನನ್ನನ್ನು ಅಲ್ಲಿ ಯಾರೂ ಏನೂ ಕೇಳಿರಲಿಲ್ಲ. ಅಂದು ಮರಳುವಾಗ ಹದಿನೆಂಟು ಪುಟ ಓದಿದೆ, ಒಂದು ಸಾಲೂ ತಲೆಗೆ ಇಳಿಯಲಿಲ್ಲ.

ಕಾಕಾ ಕೂಡ ಬದಲಾಗುತ್ತಿದ್ದ. ಹುಬ್ಬಳ್ಳಿ ದಾಟಿ ಹೋಗದ ಮನುಷ್ಯ ಒಂದು ಮಂಗಳವಾರ ಇದ್ದಕ್ಕಿದ್ದಂತೆ ಕೇಳಿದ: "ಹಿಮದ ಮ್ಯಾಲೆ ನಡದ್ರ ಎಂಥಾ ಸಪ್ಪಳ ಬರ್ತದ, ಗೊತ್ತೇನೋ? ಒಣಾ ಎಲಿ ತುಳದಂಗ ಅಂತ." ಮತ್ತೊಮ್ಮೆ ಹೇಳಿದ: "ಮನ್ನೆ ಮಳ್ಯಾಗ ಬಂಕಾಪುರದ ಹತ್ರ ಟಪಾಲಾಕಿ ಸೈಕಲ್ ಮ್ಯಾಲೆ ಹೊಂಟಿದ್ಲು. ಇಷ್ಟ್ ವರ್ಷ ಅಡ್ಡಾಡೇನಿ, ಆಕೀನ್ನ ಕಣ್ಣೆತ್ತಿ ನೋಡಿದ್ದಿಲ್ಲ ನಾ. ಗಾಡಿ ನಿಲ್ಲಿಸಿ ಚೀಲಕ್ಕ ಹೊದಿಸ್ಕೋವಾ ಅಂತ ಪ್ಲಾಸ್ಟಿಕ್ ಕೊಟ್ವಿ."

ಕೊಟ್ವಿ ಅಂದರೆ ಕಾಕಾ ಮತ್ತು ಅಕ್ಕ. ಆ ರಾತ್ರಿ ಡೈರಿಯಲ್ಲಿ ಬರೆದೆ: "ನನ್ನ ಜೊತೆ ಎಂದೂ ಗಾಡಿ ನಿಲ್ಲಿಸಿಲ್ಲ."

ಶ್ರಾವಣದಲ್ಲಿ ಎಲೆಯ ಬೇಡಿಕೆ ಏರಿತು. ಕಾಕಾ ಊಟಕ್ಕೆ ಕೂತಾಗ ಹೇಳಿದ: "ದಸರಾದಿಂದ ಎರಡೂ ದಿನ ಒಬ್ರ ಗಾಡಿಗೆ ಬರ್ರಿ. ಇನ್ನೊಬ್ರು ಮನ್ಯಾಗ ಕುಂತು ಎಣಸ್ರಿ. ಯಾರು ಅನ್ನೋದು ನೋಡಿ ಹೇಳ್ತೇನಿ."

ಸೀಟು ಒಂದೇ, ಇಬ್ಬರಲ್ಲಿ ಒಬ್ಬರಿಗೆ. ನನಗೆ ನಿದ್ದೆ ಹಾರಿಹೋಯಿತು. ಅಕ್ಕ ಎಲೆ ಎಣಿಸುವಾಗಲೂ ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಬೇರೆ ಬೇರೆ ಕಥೆ ಕೇಳುತ್ತಿದ್ದಳು. ನಾನು ತುಟಿ ಅಲ್ಲಾಡಿಸಿ ಎಣಿಸುವವನು. ಕಥೆ ಕೇಳುತ್ತ ಎಣಿಸುವವರ ಲೆಕ್ಕ ತಪ್ಪಲೇಬೇಕು ಎಂದುಕೊಂಡೆ. ತಪ್ಪಿದ್ದನ್ನು ತೋರಿಸಿದರೆ ಅವಳ ಮೇಲಿನ ಭರವಸೆ ಹೋಗುತ್ತದೆ, ಸೀಟು ನನ್ನದಾಗುತ್ತದೆ. ಪ್ರತಿ ಕಟ್ಟಿನೊಳಗೆ ಕಟ್ಟಿದವರ ಗುರುತು, ತಾರೀಖು ಬರೆದ ಚೀಟಿ ಇಡುವ ಪದ್ಧತಿ ಶುರು ಮಾಡಿದೆ. ಕಾಕಾ ಮೆಚ್ಚಿದ. ಎರಡು ವಾರ ಯಾರೂ ಇಲ್ಲದಾಗ ಅಕ್ಕನ ನಲವತ್ತು ಕಟ್ಟು ಬಿಚ್ಚಿ ಎಣಿಸಿದೆ.

ನಲವತ್ತರಲ್ಲೂ ನೂರೇ ಇದ್ದವು. ಒಂದೆಲೆ ಹೆಚ್ಚಿಲ್ಲ, ಕಡಿಮೆ ಇಲ್ಲ.

"ಅದ್ಹೆಂಗ ತಪ್ಪಂಗಿಲ್ಲ ನಿಂದು?" ಕೇಳದೆ ಇರಲಾಗಲಿಲ್ಲ.

"ಐದೈದು ಎಲಿ, ಇಪ್ಪತ್ತು ಸಲ. ಬೆರಳಿಗೆ ಗೊತ್ತಿರ್ತದೋ. ಕಿವಿಗೆ ಅಲ್ಲೇನು ಕೆಲಸ?"

ಇವಳಿಗೆ ಆಗುವುದು ನನಗೇಕೆ ಆಗಬಾರದು? ಒಂದು ಗುರುವಾರ ಅವಳದೇ ಶುಕ್ರವಾರದ ಕಥೆಯನ್ನು ನನ್ನ ಫೋನಿಗೆ ಇಳಿಸಿಕೊಂಡು, ಕಿವಿಗೆ ಹಚ್ಚಿ, ಐದೈದು ಎಲೆ ಎತ್ತತೊಡಗಿದೆ. ಅವರು ಎಲ್ಲಿಯವರೆಗೆ ಕೇಳಿದ್ದರೋ ಅದಕ್ಕೂ ಮುಂದೆ ಹೋದೆ. ಹೆಪ್ಪುಗಟ್ಟಿದ ನದಿಯ ನಡುವೆ ಕುರುಡು ಕುದುರೆ ನಿಂತುಬಿಡುತ್ತದೆ, ಕಾಲಡಿ ಮಂಜುಗಡ್ಡೆ ಬಿರಿಯುತ್ತದೆ. ನಾನು ಎಲೆ ಎತ್ತುತ್ತಲೇ ಇದ್ದೆ.

ಮರುದಿನ ಸಂಜೆ ಅಕ್ಕ ಗಾಡಿಯಿಂದಿಳಿದು ಅಂಗೈ ಚಾಚಿದಳು. ನನ್ನ ಗುರುತಿನ ನಾಲ್ಕು ಚೀಟಿ.

"ಹಿರೇಕೆರೂರು ಅಂಗಡಿ ಆಯಿ ಕೈಯಾಗ ಹಿಡದಾಕೀನ ಅಂದ್ಲು, ಇದು ಜಾಳ ಐತಿ ಅಂತ. ಬಿಚ್ಚಿದ್ರ ತೊಂಬತ್ಮೂರು. ಇನ್ನೊಂದರಾಗ ನೂರಾ ಒಂಬತ್ತು."

ಕಾಕಾ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದ. ಕಥೆ ಕೇಳುತ್ತಿದ್ದೆ ಎಂದು ಒಪ್ಪಿಕೊಂಡೆ. ಬಯ್ಯುತ್ತಾನೆ ಅಂದುಕೊಂಡಿದ್ದೆ, ನಕ್ಕುಬಿಟ್ಟ.

"ಎಲ್ಲಿ ಬಂದಾಗ ತಪ್ಪಿತೋ ಶಾಣ್ಯಾ?"

"ನದಿ ನಡುವ ಕುದುರಿ..."

ಅಕ್ಕ ಎರಡೂ ಕಿವಿ ಮುಚ್ಚಿಕೊಂಡಳು. "ಹೇಳಬ್ಯಾಡ! ನಾವಿನ್ನೂ ಅಲ್ಲಿಗೆ ಬಂದಿಲ್ಲ!"

ಕಾಕಾ ನಗು ನಿಲ್ಲಿಸಿ ಕೇಳಿದ: "ಚೀಟಿ ಹಾಕಿ ನೋಡಾಕತ್ತಿದ್ದೆಲ್ಲ, ಆಕಿ ಎಣಿಕಿ ಹೆಂಗೈತಿ?"

ಸುಳ್ಳು ಹೇಳಬಹುದಿತ್ತು. ಆದರೆ ಡೈರಿಯಲ್ಲಿ ಬರೆದಾಗಿತ್ತು. "ನಲವತ್ತಕ್ಕ ನಲವತ್ತೂ ಸರಿ," ಎಂದೆ. ಸೀಟು ಹೋಯಿತು ಎಂದುಕೊಂಡೆ.

"ಹಂಗಾದ್ರ ಎಣಸಾಕ ಆಕೀನ ಕುಂದರ್ಲಿ. ನಿನ್ನ ಕೈಗೆ ಎಲಿ ಕೊಟ್ರ ಅಂಗಡಿ ಮುಚ್ಚಬೇಕಾದೀತು. ನೀ ಗಾಡಿ ಹತ್ತು."

ಅಕ್ಕ ಕಿವಿಯಿಂದ ಕೈ ತೆಗೆದಿದ್ದಳು. ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು ಒಳಗೆ ಒಯ್ದಳು. ಆ ದಿನ ಡೈರಿಯಲ್ಲಿ ಎರಡೇ ಪದ: "ಸೀಟು ಸಿಕ್ಕಿತು."

ಸೀಟಿನ ಜೊತೆ ಹೊಟ್ಟೆಕಿಚ್ಚೂ ಗಾಡಿ ಹತ್ತಿತು. ಮಂಗಳವಾರ ಐವತ್ತೆರಡು ಪುಟ, ಶುಕ್ರವಾರ ಐವತ್ತಾರು. ಕಾಕಾ ಸ್ಪೀಕರ್ ಬಂದ್ ಇಟ್ಟು ಗಾಡಿ ಓಡಿಸಿದ. "ನಿನ್ನ ಪುಸ್ತಕದಾಗ ಏನೈತೋ?" ಎಂದು ಒಮ್ಮೆ ಕೇಳಿದಾಗ ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದೆ. ಹಾನಗಲ್‌ನ ಅಜ್ಜ ನನ್ನ ಹಿಂದೆ ಖಾಲಿ ಸೀಟಿನ ಕಡೆ ಕತ್ತು ಚಾಚಿ ನೋಡಿದ. ಮನೆಗೆ ಬಂದರೆ ಅಕ್ಕ ಎಲೆಯ ರಾಶಿಯ ನಡುವೆ, ಕಿವಿಯಲ್ಲಿ ಯಾವುದೋ ದೇಶ ಹಚ್ಚಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದಳು. ನಾಲ್ಕು ಊರು ಸುತ್ತಿ ಬಂದ ನನಗೆ, ಹೊಸ್ತಿಲು ದಾಟದವಳನ್ನು ನೋಡಿ ಹೊಟ್ಟೆ ಉರಿಯಿತು.

ಮೂರನೆಯ ವಾರ ಸೋತು ಕೇಳಿದೆ: "ನಿಮ್ಮ ಶುಕ್ರವಾರದ ಕಥಿ ಎಲ್ಲಿಗೆ ನಿಂತೈತಿ ಹೇಳಕ್ಕಾ. ಕಾಕಾಗ ಹಚ್ತೇನಿ."

"ಹೇಳ್ತೇನಿ. ಮೊದ್ಲು ನೀ ಹೇಳು, ಬಂಕಾಪುರದ ಹಾದ್ಯಾಗ ಇವತ್ತು ಏನೇನು ಕಂಡಿ?"

ಡೈರಿ ತೆಗೆದೆ. ನೂರಾ ಹದಿನಾಲ್ಕರಿಂದ ನೂರಾ ಇಪ್ಪತ್ತೊಂಬತ್ತನೆಯ ಪುಟ ಎಂದಿತ್ತು.

"ಅಲ್ಲಿ ನಾ ಓದಾಕತ್ತಿದ್ದೆ."

"ಅಯ್ಯ! ಅಷ್ಟು ನವಿಲು ಇರೋ ಬಂಕಾಪುರದಾಗ ತಲಿ ಕೆಳಗ ಹಾಕ್ಕೊಂಡು ಹೋದಿ ಏನು?" ಕೈ ಎಲೆ ಎತ್ತುತ್ತಲೇ ಇತ್ತು, ದನಿ ಮಾತ್ರ ಇಳಿಯಿತು. "ಕಥಿ ಕೇಳಾಕ ಮನಿ ಆದ್ರೂ ನಡೀತದೋ. ಅದನ್ನ ಕೇಳ್ಕೋತ ಹಾದಿ ನೋಡೋದು ಹೋತಲ್ಲ, ಅದಕ್ಕ ಹೊಟ್ಟಿ ಉರೀತದ. ನೀ ಬರಿಯಾಂವ. ಹಾದಿ ಬರಕೊಂಡು ಬಾ."

ಅವಳಿಗೂ ನನ್ನ ಮೇಲೆ ಹೊಟ್ಟೆ ಉರಿಯಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಈಗ ಗಾಡಿಯಲ್ಲಿ ಕಥೆ ನಡೆಯುತ್ತದೆ, ಪುಸ್ತಕ ಚೀಲದಲ್ಲಿರುತ್ತದೆ, ಡೈರಿಗೆ "ಹಾದಿ" ಎಂಬ ನಾಲ್ಕನೆಯ ಅಂಕಣ ಬಂದಿದೆ. ನವಿಲು ಮೂರು, ಒಂದಕ್ಕೆ ಬಾಲವಿಲ್ಲ. ಶಿಗ್ಗಾಂವಿಯಲ್ಲಿ ಗೋವಿನಜೋಳ ಒಣಗಿಸಲು ಅರ್ಧ ರಸ್ತೆ ಹಿಡಿದಿದ್ದಾರೆ. ಹಾನಗಲ್ ಕೆರೆಯ ಮೇಲೆ ಬೆಳಿಗ್ಗೆ ಮಂಜು ಇತ್ತು, ಕಾಕಾ ಗಾಡಿ ನಿಲ್ಲಿಸಿದ, ಕಥೆಯನ್ನೂ ನಿಲ್ಲಿಸಿದ. ಸಂಜೆ ಇದನ್ನೆಲ್ಲ ಓದಿ ಹೇಳುತ್ತೇನೆ. ಅಕ್ಕ ಕಣ್ಣು ಮುಚ್ಚಿ ಕೇಳುತ್ತಾಳೆ, ಬೆರಳು ತಮ್ಮಷ್ಟಕ್ಕೆ ಐದೈದು ಎಲೆ ಎತ್ತುತ್ತವೆ.

"ಕೆರೀದು ಇನ್ನೊಮ್ಮೆ ಓದು," ಎನ್ನುತ್ತಾಳೆ.

ಮತ್ತೆ ಓದುತ್ತೇನೆ. ಅವಳ ಮುಖ ನೋಡಿದರೆ, ಅಲ್ಲಿ ನಿಂತಿದ್ದ ನನಗಿಂತ ಚೆನ್ನಾಗಿ ಅವಳಿಗೇ ಆ ಕೆರೆ ಕಾಣುತ್ತಿದೆ ಅನ್ನಿಸಿ ಹಳೆಯ ಉರಿ ಮತ್ತೆ ಏಳುತ್ತದೆ. ಶುಕ್ರವಾರದ ಸೀಟು ನೀನೇ ತಗೋ ಎನ್ನುವ ಮಾತು ಇಲ್ಲಿಯವರೆಗೆ ನನ್ನ ನಾಲಿಗೆಯ ತುದಿಗೆ ಬಂದು ತಿರುಗಿ ಹೋದದ್ದು ಮೂರು ಸಲ. ಅದರ ತಾರೀಖುಗಳನ್ನೂ ಬರೆದಿಟ್ಟಿದ್ದೇನೆ. ಆ ಪುಟವನ್ನು ಮಾತ್ರ ಅವಳಿಗೆ ಓದಿ ಹೇಳಿಲ್ಲ.