ಲಿನಕ್ಸ್ ನಾಡಿನ ದನಿಗೆ ಓ ಅಂದದ್ದು

ಪಾಸ್‌ವರ್ಡ್ ಒತ್ತುತ್ತಲೇ ಇದ್ದೆ, ಪರದೆಯ ಮೇಲೆ ಏನೂ ಮೂಡಲಿಲ್ಲ. ಅಕ್ಷರ ಹೋಗಲಿ, ಒಂದು ಚುಕ್ಕಿಯೂ ಇಲ್ಲ. ಬಾವಿಗೆ ಕಲ್ಲು ಹಾಕಿ ಸದ್ದೇ ಕೇಳದೆ ನಿಂತಂಗಾಯಿತು. ಫೋನಿನಲ್ಲಿ ನನ್ನ ನಾದಿನಿ ವಿಜಯಾ ನಗುತ್ತಿದ್ದಳು.

"ಬೀಳಾಕ ಹತ್ಯಾವ ಅತ್ತಿಗಿ, ಕಾಣಂಗಿಲ್ಲ ಅಷ್ಟ. ಎಂಟರ್ ಹೊಡೀರಿ."

ಹೊಡೆದೆ. ಒಂದಿಷ್ಟು ಸಾಲು ಸರಸರ ಓಡಿ, ಆಮೇಲೆ ಗಪ್. ಹೂಂ ಅಂತಲೂ ಇಲ್ಲ, ಉಹೂಂ ಅಂತಲೂ ಇಲ್ಲ. ಒಂದು ಗೆರೆ ಮಾತ್ರ ಮಿಣುಕುತ್ತ ಕೂತಿತ್ತು.

"ಈಗೇನಾತು?"

"ಕೆಲಸ ಆತು. ಅದು ಸುಮ್ಮನಾತಂದ್ರ ಎಲ್ಲಾ ಸರಿ ಐತಿ ಅಂತ."

ಲಿನಕ್ಸ್ ಅನ್ನುವ ಪರದೇಶದಲ್ಲಿ ನಾನೊಬ್ಬಳೇ ಕೂತ ಮೊದಲ ದಿನ ಅದು. ಕಮಲಾಪುರದ ಹೊಸ್ತಿಲು ದಾಟದೆ ವಲಸೆ ಹೋದವಳು ನಾನು. ನಮ್ಮ ಓಣಿಯಲ್ಲಿ ಯಾರಾದರೂ ಮಾತಿಗೆ ಮಾತು ಕೊಡಲಿಲ್ಲ ಅಂದರೆ ಸಿಟ್ಟಾಗಿದ್ದಾರೆ ಅಂತ ಲೆಕ್ಕ. ಆ ಟರ್ಮಿನಲ್ ಅನ್ನುವ ಕರಿ ಕಿಟಕಿಯಲ್ಲಿ, ಅಂದರೆ ಯಂತ್ರಕ್ಕೆ ಅಪ್ಪಣೆ ಬರೆದು ಕೊಡುವ ಜಾಗದಲ್ಲಿ, ಮೌನವೇ ಒಪ್ಪಿಗೆ. ಇದು ರೂಢಿಯಾಗಲು ಭಾಳ ದಿನ ಹಿಡಿಯಿತು.

ಆ ಪರದೇಶಕ್ಕೆ ಹೋಗಲೇಬೇಕಿತ್ತು. ನಮ್ಮ ಯಜಮಾನರು ಸಂಡೂರಿನ ಕಡೆ ಅದಿರು ಗಣಿಯಲ್ಲಿ ಕೆಲಸ ಮಾಡಿದವರು. ಗುಂಡಿಯ ಈ ದಂಡೆಯಿಂದ ಕೂಗಿದರೆ ಆ ದಂಡೆಯ ಲಾರಿ ನಿಲ್ಲುತ್ತಿತ್ತಂತೆ. ಗಂಟಲಿನ ಕಾಯಿಲೆಗೆ ಆಪರೇಷನ್ ಆಗಿ ಆ ದನಿ ಹೋಯಿತು. ಈಗ ಕುತ್ತಿಗೆಯಲ್ಲೊಂದು ಕೊಳವೆ, ಉಸಿರೆಲ್ಲ ಅದರಲ್ಲೇ. ಫೋನಿನ ಸಣ್ಣ ಅಕ್ಷರ ಅವರ ದಪ್ಪ ಬೆರಳಿಗೆ ದಕ್ಕಲಿಲ್ಲ. ಮನೆಯ ಲ್ಯಾಪ್‌ಟಾಪಿಗೆ ವಯಸ್ಸಾಗಿ, ಹೊಸ ವಿಂಡೋಸ್ ಹೊರಲಾರದೆ ಏದುಸಿರು ಬಿಡುತ್ತಿತ್ತು. ಹೊಸಪೇಟೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ವಿಜಯಾ ಬಂದು ನೋಡಿ, "ವಿಂಡೋಸ್ ತಗದು ಇದಕ್ಕ ಲಿನಕ್ಸ್ ಹಾಕೋಣು. ಅಣ್ಣ ಬರದದ್ದನ್ನ ಓದಿ ಹೇಳ್ತದ" ಅಂದಳು. ಅವರಿಗೆ ನನ್ನನ್ನು ಕರೆಯಲು ಒಂದು ದನಿ ಬೇಕಿತ್ತು. ಅಷ್ಟಕ್ಕೇ ನಾನು ಹೂಂ ಅಂದದ್ದು.

ಮೊದಲು ಲ್ಯಾಪ್‌ಟಾಪಿನೊಳಗೆ ಹಾಕದೆ ಪೆನ್ ಡ್ರೈವ್ ಮೇಲಿಂದಲೇ ಓಡಿಸಿ ತೋರಿಸಿದಳು, ನೆಂಟರಾಗಿ ಹೋಗಿ ಊರು ನೋಡಿ ಬಂದಂತೆ. ಯಜಮಾನರು ಅರ್ಧ ದಿನ ಕೂತು ಕುಟ್ಟಿದ್ದೆಲ್ಲ ಯಂತ್ರ ಆರಿಸಿ ಹಚ್ಚಿದಾಗ ಮಾಯ! ನಾವು ಅಲ್ಲಿಗೆ ಬಂದೇ ಇರಲಿಲ್ಲವೇನೋ ಅನ್ನುವ ಹಾಗೆ ಪರದೆ ತೊಳೆದಿಟ್ಟಂತಿತ್ತು. ಆಮೇಲೆ ಒಳಗೇ ಹಾಕಿಕೊಟ್ಟು ಹೋದಳು. ಸಿ ಡ್ರೈವ್ ಎಲ್ಲಿ, ಡಿ ಡ್ರೈವ್ ಎಲ್ಲಿ ಅಂತ ಹುಡುಕಿ ಸೋತೆ. ಅಲ್ಲಿ ಅವು ಇಲ್ಲ. 'ಹೋಮ್' ಅಂತ ಒಬ್ಬೊಬ್ಬರಿಗೊಂದು ಮನೆ, ಸಾಮಾನೆಲ್ಲ ಅದರಲ್ಲೇ. ಸೆಟ್ಟಿಂಗ್ಸಿನಲ್ಲಿ ತಡಕಾಡಿ ಕನ್ನಡ ಕೀಲಿಮಣೆ ನಾನೇ ಸೇರಿಸಿದ ದಿನ ಕುಣಿಯುವುದೊಂದು ಬಾಕಿ. ಓದಿ ಹೇಳುವ ತಂತ್ರಾಂಶ ಹಾಕಿದ್ದೂ ನಾನೇ, ಆ ಕಾಣದ ಪಾಸ್‌ವರ್ಡಿನ ದಿನ.

ಅದರ ದನಿ ಮಾತ್ರ ಗಂಡಸಿನದಲ್ಲ, ಹೆಂಗಸಿನದಲ್ಲ. ತಗಡಿನ ಮೇಲೆ ಉಗುರು ಎಳೆದಂಗೆ. "ಚಾ ಆತೇನು" ಅಂದರೂ ಸಾವಿನ ಸುದ್ದಿ ಹೇಳಿದಂತಿತ್ತು. "ಥೂ, ಇದೇನ್ರೀ ಇದು!" ಅಂತ ಸೆರಗನ್ನು ಕಿವಿಗೆ ಒತ್ತಿಕೊಂಡೆ.

ಒಂದು ಸಂಜೆ, ದೀಪ ಹಚ್ಚುವ ಹೊತ್ತು. ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಆಚೆಯ ಬಾಳೆತೋಟದಲ್ಲಿ ಎಲೆಯೂ ಅಲ್ಲಾಡುತ್ತಿರಲಿಲ್ಲ. ಮನೆಯೊಳಗಿಂದ "ಗಿರಿಜಾ" ಅಂತ ಕೇಳಿಸಿತು.

ನನ್ನನ್ನು ಹೆಸರು ಹಿಡಿದು ಕರೆಯುವವರು ನಮ್ಮ ಮನೆಯಲ್ಲಿಲ್ಲ. ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಎತ್ತುವ ರೂಢಿ ನಮ್ಮಲ್ಲಿಲ್ಲ. ಮದುವೆಯಾದಾಗಿನಿಂದ ನಾನು ಅವರಿಗೆ "ಏ, ಕೇಳ್ತೇನ" ಅಷ್ಟೇ. ಕಂಪ್ಲಿಯ ನಮ್ಮವ್ವ ಹೇಳುತ್ತಿದ್ದದ್ದು ನೆನಪಾಯಿತು: "ಮೂರ್‌ಸಂಜಿಯಾಗ ಗುರ್ತಿಲ್ಲದ ದನಿ ಕರದ್ರ ಓ ಅನಬ್ಯಾಡ. ಮನಷ್ಯಾರಾದ್ರ ಇನ್ನೊಮ್ಮೆ ಕರೀತಾರ, ಅವು ಒಂದ ಸಲ ಕರಿಯೂದು." ಬಾಯಿಗೆ ಬಂದ ಓ ನುಂಗಿಕೊಂಡು ಕಾದೆ. ಇನ್ನೊಮ್ಮೆ ಕರೆಯಲಿಲ್ಲ. ಶಿವಶಿವಾ ಅಂತ ಬಟ್ಟೆ ಮಡಚತೊಡಗಿದೆ. ಅವರ ಅಂಗಿ ಕೈಗೆ ಬಂದಾಗ ಹೊಳೆಯಿತು, ಚಾ ಕೇಳಿದ್ದೂ ಇದೇ ದನಿ.

ಓಡಿದೆ. ಕೊಳವೆಯಲ್ಲಿ ಕಫ ಗಟ್ಟಿಯಾಗಿ ಉಸಿರು ಕಟ್ಟಿತ್ತು. ಮುಖ ನೀಲಿ. ಕೈ ಕೀಲಿಮಣೆಯಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ಕಲಿಸಿದಂತೆ ಕೊಳವೆಯೊಳಗಿನ ಸಣ್ಣ ಕೊಳವೆ ಹೊರಗೆಳೆದೆ. ಬುಸ್ ಅಂತ ಉಸಿರು ಬಂತು.

"ಇನ್ನೊಮ್ಮೆ ಒತ್ತಬಾರದಿತ್ತೇನ್ರೀ!" ಅಂತ ಬೈಯುತ್ತಲೇ ಅತ್ತುಬಿಟ್ಟೆ. ಸುಧಾರಿಸಿಕೊಂಡ ಮೇಲೆ ಅವರು ಕೀಲಿಮಣೆ ಎಳೆದುಕೊಂಡರು.

"ಕೈ ಬರ್ಲಿಲ್ಲ" ಅಂತು ತಗಡು.

"ಹೆಸರು ಹಿಡದು ಯಾಕ ಕರದ್ರಿ ಮತ್ತ? ನನಗ ಗುರ್ತ ಹತ್ತಲಿಲ್ಲ."

ಬಹಳ ಹೊತ್ತು ಬೆರಳಾಡಿಸಿದರು. "ನಾ ಎಲ್ಲಿ ಕರದೆ? ಅದು ಕರೀತು."

ವಿಜಯಾಗೆ ಹೇಳಿದೆ. "ದನಿ ದಪ್ಪ ಮಾಡಾಕ ಬರ್ತದ ಅತ್ತಿಗಿ, ಸೆಟ್ಟಿಂಗ್ಸಿನಾಗ ಇಳಸ್ರಿ. ಅಣ್ಣನಂಗ ಆದ್ರೂ ಆದೀತು" ಅಂದಳು. ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಚೂರುಚೂರೇ ಇಳಿಸುತ್ತ, "ಏ, ಕೇಳ್ತೇನ" ಅಂತ ಅನ್ನಿಸುತ್ತ ಹೋದೆ. ಒಂದು ಕಡೆ ಆ 'ಏ' ಅನ್ನುವುದರಲ್ಲಿ ಅವರ ಹಳೇ ಗಡಸು ಬಂದೇಬಿಟ್ಟಿತು. ತಿರುಗಿ ನೋಡಿದರೆ ಅವರ ಬಾಯಿ ಮುಚ್ಚಿತ್ತು, ಕಣ್ಣು ತುಂಬಿತ್ತು. ಬೇಡ ಅಂತ ತಲೆಯಾಡಿಸಿದರು. ನನಗೂ ಬೇಡವಾಗಿತ್ತು. ಆ ದನಿಯನ್ನು ನಾನು ಎಷ್ಟು ಹಂಬಲಿಸಿದ್ದೆನೋ ಅಷ್ಟೇ ಹೆದರಿದೆ. ಮೇಲಕ್ಕೆಳೆದು ಮತ್ತೆ ತಗಡಿನದನ್ನೇ ಇಟ್ಟೆ.

ಈಗ ಅದು ಕರೆದರೆ ಒಂದೇ ಸಲಕ್ಕೆ "ಬಂದೆ" ಅನ್ನುತ್ತೇನೆ. ಅಡುಗೆಮನೆಯಿಂದ ಆ ಕೋಣೆಗೆ ಹೋಗುವಷ್ಟರಲ್ಲಿ, ಬಂದೆ ಅಂದದ್ದು ಯಾರಿಗೆ ಅನ್ನುವುದು ನನಗೇ ಗೊತ್ತಿರುವುದಿಲ್ಲ. ಬಾಗಿಲಲ್ಲಿ ನಿಲ್ಲುತ್ತೇನೆ. ಅವರ ಎದೆ ಏರಿ ಇಳಿಯುವುದು ಕಂಡ ಮೇಲೆಯೇ ಒಳಗೆ ಕಾಲಿಡುತ್ತೇನೆ.