ಹೊಸ್ತಿಲ ಒಳಗಿನ ಚಪ್ಪಲಿ

ನಮ್ಮ ಮನೆಯಲ್ಲಿ ಚಪ್ಪಲಿ ಹೊಸ್ತಿಲ ಹೊರಗೇ ನಿಲ್ಲಬೇಕು. ಬಂದವರು ಕಲೆಕ್ಟರೇ ಆಗಲಿ, ಬೀಗರೇ ಆಗಲಿ, ಇದರಲ್ಲಿ ನನ್ನದು ಎರಡು ಮಾತಿಲ್ಲ. ಹಾಗಿರುವಾಗ ತಾಂಡೂರಿನಿಂದ ಬಂದ ನನ್ನ ತಮ್ಮನ ಮಗಳು ಮೊದಲ ದಿನವೇ ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗೆ ತಂದು ದಿಂಬಿನ ಪಕ್ಕ ಇಟ್ಟುಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು. ಎಷ್ಟು ಬೈದು ಹೊರಗೆ ಇಡಿಸಿದರೂ ರಾತ್ರಿಯಾಗುವಷ್ಟರಲ್ಲಿ ಚೀಲ ಮತ್ತೆ ಒಳಗೆ ಬಂದಿರುತ್ತಿತ್ತು.

ಅವಳಿಗೆ ಹದಿನೈದು, ಹತ್ತನೇ ತರಗತಿ. ‘ಅಕ್ಕಾರ, ನನ್ನ ಕೈಲಿ ಆಗವಲ್ದರಿ, ನಿಮ್ಮ ಮಾತರೆ ಕೇಳತಾಳ’ ಎಂದು ಅವಳ ತಾಯಿ ಜಹೀರಾಬಾದಿಗೆ ಕರೆತಂದು ನನ್ನ ಹತ್ತಿರ ಬಿಟ್ಟುಹೋಗಿದ್ದಳು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿದವಳು ನಾನು. ಎಂಥೆಂಥ ಪುಂಡರನ್ನು ದಾರಿಗೆ ತಂದಿದ್ದೇನೆ, ಇವಳು ಯಾವ ಲೆಕ್ಕ ಅಂದುಕೊಂಡೆ. ಆ ಜಂಬ ಬಹಳ ದಿನ ಉಳಿಯಲಿಲ್ಲ.

ಇಲ್ಲಿಯ ಶಾಲೆಯಲ್ಲಿ ಅವಳು ಬಾಗಿಲ ಪಕ್ಕದ ಬೆಂಚು ಬಿಟ್ಟು ಬೇರೆಲ್ಲೂ ಕೂಡುತ್ತಿರಲಿಲ್ಲ. ಡಸ್ಟರ್ ಕುಟ್ಟಿದರೆ ಎದ್ದು ನಿಲ್ಲುತ್ತಿದ್ದಳು. ಒಮ್ಮೆ ಗೆಳತಿಯೊಬ್ಬಳು ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಹಾಕಿದ್ದಕ್ಕೆ ತಿರುಗಿ ಮುಖಕ್ಕೇ ಹೊಡೆದಳು, ಆ ಹುಡುಗಿಯ ತುಟಿ ಒಡೆಯಿತು. ಮನೆಯಲ್ಲಿ ನಾನು ಕೂಡಿಸಿಕೊಂಡು ವರ್ಗಮೂಲ ಹೇಳಿದರೆ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ದಡ್ಡಿಯೇನಲ್ಲ. ಕಣ್ಣು ಪುಸ್ತಕದ ಮೇಲಿದ್ದರೂ ಕಿವಿ ಬೀದಿಯಲ್ಲಿ ಹೋಗುವ ಮೋಟರ್ ಸೈಕಲ್ಲಿನ ಮೇಲಿರುತ್ತಿತ್ತು. ಹೆಡ್ ಮೇಡಂ ನನ್ನನ್ನು ಕರೆಸಿ, ಇನ್ನೊಮ್ಮೆ ಹೀಗಾದರೆ ಇಟ್ಟುಕೊಳ್ಳುವುದಿಲ್ಲ ಎಂದರು. ಸುದ್ದಿ ತಮ್ಮನಿಗೂ ಮುಟ್ಟಿತು. ‘ಹೊಳ್ಳಿ ಕಳಿಸು ಅಕ್ಕಾ, ನಾ ನೆಟ್ಟಗ ಮಾಡತೀನಿ’ ಎಂದು ಫೋನು ಮಾಡಿದ. ಕಳಿಸಿಬಿಡೋಣ ಎಂದು ನನಗೂ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ತಮ್ಮನ ಬಗ್ಗೆ ಊರಲ್ಲಿ ಒಂದು ಕೆಟ್ಟ ಮಾತಿಲ್ಲ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರ, ಹಣೆ ತುಂಬ ವಿಭೂತಿ, ಕುಡಿತವಿಲ್ಲ, ಇಸ್ಪೀಟಿಲ್ಲ. ಸಿಟ್ಟು ಮಾತ್ರ ಇದೆ. ಅದು ನನಗೂ ಇದೆ. ನಮ್ಮ ಮನೆತನದ ಸಿಟ್ಟನ್ನು ನಾವು ಮದುವೆಮನೆಗಳಲ್ಲಿ ಕೂತು ಹೊಗಳಿಕೊಳ್ಳುತ್ತೇವೆ. ಅಪ್ಪ ಅನ್ನದ ಬೋಗುಣಿ ಬೀಸಿ ಒಗೆದ ಕತೆ ಹೇಳಿ ನಗುತ್ತೇವೆ.

ಶ್ರಾವಣದ ಒಂದು ಸೋಮವಾರ ಮಠದ ಅಯ್ಯನವರ ಪಾದಪೂಜೆ ಇಟ್ಟುಕೊಂಡಿದ್ದೆ. ಅವರು ಮಣೆಯ ಮೇಲೆ ಕೂತಿದ್ದಾರೆ, ನಾನು ತಂಬಿಗೆ ಹಿಡಿದಿದ್ದೇನೆ, ಪಕ್ಕಕ್ಕೆ ನೋಡಿದರೆ ಹುಡುಗಿಯ ಮಡಿಲಲ್ಲಿ ಆ ಚಪ್ಪಲಿ ಚೀಲ. ಅಯ್ಯನವರು ನೋಡಿಯೂ ನೋಡದಂತೆ ಮಂತ್ರ ಮುಂದುವರಿಸಿದರು. ನನಗೆ ಮಾತ್ರ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅವರು ಪ್ರಸಾದ ಮುಗಿಸಿ ಹೋದದ್ದೇ ತಡ, ಚೀಲ ಕಸಿದು ಬೀರುವಿನಲ್ಲಿ ಹಾಕಿ ಕೀಲಿ ಜಡಿದೆ.

ಅವಳು ಅಳಲಿಲ್ಲ. ಎರಡೂ ಕೈಯಿಂದ ಬೀರುವಿನ ಬಾಗಿಲು ಬಡಿಯತೊಡಗಿದಳು, ಅದರ ಕನ್ನಡಿ ಒಡೆದುಬಿತ್ತು. ನಾನು ಕೈ ಎತ್ತಿದೆ. ಕೈ ಎತ್ತಿದರೆ ಮಕ್ಕಳು ಮುಖ ಮುಚ್ಚಿಕೊಳ್ಳುತ್ತಾರೆ, ಅದು ನನಗೆ ಚೆನ್ನಾಗಿ ಗೊತ್ತು. ಇವಳು ಮೊದಲು ಬಾಗಿಲ ಕಡೆ ನೋಡಿದಳು, ಆಮೇಲೆ ತನ್ನ ಬರಿಗಾಲು ನೋಡಿಕೊಂಡಳು. ನನ್ನ ಕೈ ಅಲ್ಲೇ ನಿಂತಿತು.

‘ಚಪ್ಪಲಿ ಯಾಕ ಬೇಕವ್ವಾ ನಿನಗ?’ ಎಂದು ಕೇಳಿದೆ.

ಅವಳು ಕೂತು ಅಂಗಾಲು ತೋರಿಸಿದಳು. ಹಿಮ್ಮಡಿಯಿಂದ ಬೆರಳಿನವರೆಗೆ ಹಳೆಯ ಗಾಯದ ಗುರುತು. ‘ನಮ್ಮ ಹಿತ್ತಲದಾಗ ಫರ್ಸಿ ಚೂರು ಭಾಳ ಅವ ಅತ್ತಿ. ಬರಿಗಾಲಿಲೆ ಓಡಾಕ ಬರಂಗಿಲ್ಲ. ಅವತ್ತ ಚಪ್ಪಲಿ ಮುಂದಿನ ಕಟ್ಟಿ ಮ್ಯಾಲಿದ್ವು.’

‘ಯಾವತ್ತ?’

‘ಉಗಾದಿ ದಿನ. ನೀವೂ ಒಳಗ ಇದ್ರಿ.’

ಇದ್ದೆ. ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದೆ. ಅವಳಿಗಾಗ ಒಂಬತ್ತು ವರ್ಷವಿರಬೇಕು. ಪಡಸಾಲೆಯಿಂದ ಬೆಲ್ಟಿನ ಸದ್ದು ಕೇಳಿದಾಗ ತಮ್ಮನ ಹೆಂಡತಿ ನನ್ನ ಮುಖ ನೋಡಿದ್ದಳು. ಅವನು ಯಾರ ಮಾತಾದರೂ ಕೇಳಿದರೆ ನನ್ನದೊಂದೇ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ‘ಹಂಚು ಭಾಳ ಕಾದದ, ಉರಿ ಸಣ್ಣ ಮಾಡು’ ಎಂದಿದ್ದೆ ನಾನು. ಊಟಕ್ಕೆ ಕೂತಾಗ ಹುಡುಗಿ ಎಲ್ಲಿ ಎಂದು ಕೇಳಿದ ನೆನಪೂ ಇಲ್ಲ. ಹೋಳಿಗೆ ಡಬ್ಬಿಗೆ ಹಾಕಿಸಿಕೊಂಡು ಸಂಜೆಯ ಬಸ್ಸು ಹತ್ತಿದ್ದೆ.

ಆರು ವರ್ಷದಿಂದ ಓಡಲು ತಯಾರಾಗಿ ಕೂತವಳಿಗೆ ನಾನು ವರ್ಗಮೂಲ ಹೇಳಿಕೊಡುತ್ತಿದ್ದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಬೀರು ತೆಗೆದು ಚಪ್ಪಲಿ ಕೈಗೆ ಕೊಟ್ಟೆ. ತಪ್ಪಾಯಿತು ಅನ್ನುವ ಮಾತು ಬಾಯಿಗೆ ಬರಲಿಲ್ಲ, ನಮ್ಮ ಮನೆತನದಲ್ಲಿ ಅದರ ರೂಢಿಯಿಲ್ಲ.

ಆ ಭಾನುವಾರ ತಮ್ಮ ಅವಳನ್ನು ಕರೆದೊಯ್ಯಲು ಹೊರಟ. ಇನ್ನೇನು ಬಂದೆ, ಕೊಹೀರ್ ದಾಟಿದೆ ಎಂದು ದಾರಿಯಿಂದ ಫೋನು ಮಾಡಿದ. ಮೋಟರ್ ಸೈಕಲ್ಲಿನ ಸದ್ದು ಕೇಳಿದ್ದೇ ಅವಳು ಎದ್ದು ನಡುಮನೆಯಲ್ಲೇ ಚಪ್ಪಲಿ ಮೆಟ್ಟಿಕೊಂಡಳು. ತಮ್ಮ ಹೊಸ್ತಿಲ ಹೊರಗೆ ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡುವುದರಲ್ಲಿದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ.

‘ಚಪ್ಪಲಿ ಬಿಡಬ್ಯಾಡ’ ಎಂದೆ.

‘ಯಾಕಕ್ಕಾ?’

‘ಹಾಕ್ಕೋ. ಹಂಗೇ ಹೊಳ್ಳಿ ಹೋಗು.’

ನಮ್ಮ ಕಡೆ ಜಗಳವಾಡಿದ ಬೀಗರಿಗೂ ಯಾರೂ ಈ ಮಾತು ಹೇಳುವುದಿಲ್ಲ. ಅವನ ಕಣ್ಣು ಕೆಂಪಾದವು, ಥೇಟ್ ನಮ್ಮಪ್ಪನ ಕಣ್ಣು. ನನ್ನ ಹೆಗಲ ಮೇಲಿಂದ ಒಳಗೆ ನೋಡಿದ. ನಾನು ಜಾಗ ಬಿಡಲಿಲ್ಲ. ಬಿಟ್ಟ ಚಪ್ಪಲಿಯನ್ನು ಕಾಲಿಂದಲೇ ತಡಕಿ ಮೆಟ್ಟಿಕೊಂಡು ಗಾಡಿ ತಿರುಗಿಸಿದ. ಅದಾದ ಮೇಲೆ ಅವನು ನನ್ನೊಡನೆ ಮಾತಾಡಿಲ್ಲ.

ಸದ್ದು ದೂರವಾದ ಮೇಲೆ ಹಿಂದೆ ತಿರುಗಿದೆ. ನಮ್ಮ ಹಿತ್ತಲ ಬಾಗಿಲು ತೆರೆದೇ ಇತ್ತು, ಅವಳ ಕಾಲಲ್ಲಿ ಚಪ್ಪಲಿಯೂ ಇದ್ದವು. ಆದರೂ ಅವಳು ಓಡಿರಲಿಲ್ಲ. ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.